ಹುಬ್ಬಳ್ಳಿಯಿಂದ ದಿಲ್ಲಿಗೆ ಹಿಡಿದ ಟೇಪು

ಶಿರಸಿಯಲ್ಲಿ ಯಾವ ಊರು ಎಷ್ಟು ದೂರವೆಂದು ಕೇಳಿದರೂ ಉತ್ತರ ಕಿಲೋಮೀಟರಿನಲ್ಲಿ ಬರುವುದಿಲ್ಲ, ಗಂಟೆಯಲ್ಲಿ ಬರುತ್ತದೆ. ಯಲ್ಲಾಪುರಕ್ಕೆ ಬಸ್ಸಾದರೆ ಇಷ್ಟು, ಸ್ವಂತ ಕಾರಾದರೆ ಇಷ್ಟು, ರಸ್ತೆ ಕೆಟ್ಟಿದ್ದರೆ ದೇವರೇ ಬಲ್ಲ. ರೈಲಿಲ್ಲದ ಊರಿನವರಾದ ನಮಗೆ ದೂರವೆಂದರೆ ತಿರುವುಗಳ ಮೊತ್ತ. ಇಂಥ ಊರಿನ ವರದಿಗಾರನಾದ ನಾನು ಒಮ್ಮೆ ಆಕಾಶವನ್ನು ಅಳೆಯಲು ಹೋದೆ.

ಹುಬ್ಬಳ್ಳಿ ವಿಮಾನ ನಿಲ್ದಾಣದ ಕುರಿತ ಲೇಖನವೊಂದರಲ್ಲಿ, ಅಲ್ಲಿಂದ ದಿಲ್ಲಿಯ ನಿಲ್ದಾಣಕ್ಕೆ ವಿಮಾನ ಹಾರುವ ದೂರವನ್ನು ನಮೂದಿಸಬೇಕಿತ್ತು. ಒಂದೇ ಮೂಲವನ್ನು ನಂಬಬಾರದೆಂಬ ಪತ್ರಿಕಾಧರ್ಮವನ್ನು ನಾನು ಸಂಧ್ಯಾವಂದನೆಗಿಂತ ಶ್ರದ್ಧೆಯಿಂದ ಪಾಲಿಸಿದವನು. ಆದ್ದರಿಂದ ಇಬ್ಬರನ್ನು ಬೇರೆಬೇರೆಯಾಗಿ ವಿಚಾರಿಸಿದೆ. ಇಬ್ಬರ ಮಾತೂ ತಾಳೆಯಾಯಿತು, ಆ ಅಂಕಿಯೇ ಅಚ್ಚಾಯಿತು. ಇಬ್ಬರೂ ದಿಲ್ಲಿಗೆ ಅಡಿಕೆ ಒಯ್ಯುವ ಲಾರಿ ಚಾಲಕರು. ನೀವು ನಗಬಹುದು, ಆ ಹೊತ್ತಿಗೆ ನನಗದು ಕೊರತೆಯಾಗಿ ಕಾಣಲಿಲ್ಲ, ಅನುಭವವಾಗಿ ಕಂಡಿತು.

ಅದೇ ತಿಂಗಳು ಸಿದ್ದಾಪುರದ ಮಹಿಳಾ ಮಂಡಳದ ರಸಪ್ರಶ್ನೆಗೆ ನಾನೇ ತೀರ್ಪುಗಾರ. ಕೊನೆಯ ಪ್ರಶ್ನೆಯಾಗಿ ಆ ದೂರವನ್ನೇ ಕೇಳಿದೆ. ಬಿಳಗಿಯ ಟೇಲರ್ ಗೌರಕ್ಕ ನಾನು ಬರೆದದ್ದಕ್ಕಿಂತ ಬಹಳ ಕಡಿಮೆ ಹೇಳಿದರು. ತಪ್ಪೆಂದೆ. ಮೊದಲ ಬಹುಮಾನದ ಸ್ಟೀಲ್ ಡಬ್ಬಿಗಳು ಬೇರೆ ತಂಡಕ್ಕೆ ಹೋದವು.

ಎರಡು ದಿನ ಬಿಟ್ಟು ಬಸ್ಸು ಹತ್ತಿ ಶಿರಸಿಗೆ ಬಂದ ಅವರು, ಶಾಲೆಯಿಂದ ಕೇಳಿ ತಂದ ಭೂಪಟವನ್ನು ನನ್ನ ಮೇಜಿನ ಮೇಲೆ ಹಾಸಿ, ಕೊರಳಲ್ಲಿದ್ದ ಟೇಪನ್ನು ಹುಬ್ಬಳ್ಳಿಯಿಂದ ದಿಲ್ಲಿಗೆ ಎಳೆದು ಹಿಡಿದರು.

"ಕೆಳಗೆ ಸ್ಕೇಲ್ ಬರ್ದಿದಾರೆ. ಗುಣಿಸಿ ಸರ್."

ಗುಣಿಸಿದೆ. ಹೆಚ್ಚುಕಡಿಮೆ ಅವರ ಉತ್ತರವೇ ಬಂತು.

"ದಿಲ್ಲಿಗೆ ಹೋಗೋ ಲಾರಿ ಡ್ರೈವರ್ ಇಬ್ರನ್ನ ಕೇಳಿ ಬರೆದದ್ದು. ಇಬ್ರೂ ಒಂದೇ ಹೇಳಿದ್ರಲ್ಲ ಗೌರಕ್ಕ" ಎಂದೆ.

"ಹೇಳ್ದೆ ಎಂತ ಮಾಡ್ತಾರೆ? ಇಬ್ರೂ ಹೋಗಿದ್ದು ಒಂದೇ ರೋಡಲ್ಲಿ. ವಿಮಾನ ಎಂತ ಊಟಕ್ಕೆ ಧಾಬಾ ಹುಡುಕ್ಕೊಂಡು ಸುತ್ತು ಹೊಡೀತದಾ?"

ಬಹುಮಾನ ಕೊಡಿಸುವುದಾಗಿ ಹೇಳಿದೆ.

"ಸ್ಟೀಲ್ ಡಬ್ಬಿ ಮನೇಲಿ ಬೇಕಾದಷ್ಟಿದಾವೆ. ಗೌರಕ್ಕನ ಅಳತೆ ತಪ್ಪಿತಂತೆ ಅಂತ ಊರೆಲ್ಲ ಹೇಳ್ತಿದಾರೆ. ಹೀಗಾದ್ರೆ ಬ್ಲೌಸ್ ಹೊಲಿಯೋಕೆ ಯಾರು ಕೊಡ್ತಾರೆ? ಪೇಪರಲ್ಲಿ ಹಾಕಿ."

ಇಷ್ಟು ವರ್ಷಗಳ ನನ್ನ ವರದಿಗಾರಿಕೆಗೆ ಒಂದೂ ತಿದ್ದುಪಡಿ ಇರಲಿಲ್ಲ. ಆ ಜಂಬವನ್ನು ಇಸ್ತ್ರಿ ಹಾಕಿದ ಅಂಗಿಯಂತೆ ತೊಟ್ಟು ಓಡಾಡುತ್ತಿದ್ದೆ. ಒಲ್ಲದ ಮನಸ್ಸಿನಿಂದ, 'ಕಣ್ತಪ್ಪಿನಿಂದ' ಎಂಬ ರೂಢಿಯ ಮಾತಿನೊಂದಿಗೆ ನಾಲ್ಕು ಸಾಲು ಬರೆದು ತೋರಿಸಿದೆ.

"ಪಾಪದ ಕಣ್ಣಿನ ಮೇಲೆ ಎಂತಕ್ಕೆ ಹಾಕ್ತೀರಿ? ನೀವು ಮ್ಯಾಪೇ ನೋಡ್ಲಿಲ್ಲ."

ಹೊಡೆದುಹಾಕಿ ಮತ್ತೆ ಬರೆದೆ: ರಸ್ತೆಯ ದೂರವನ್ನು ವಿಮಾನ ಹಾರಾಟದ ದೂರವೆಂದು ಪ್ರಕಟಿಸಿದ್ದು ವರದಿಗಾರರ ತಪ್ಪು, ರಸಪ್ರಶ್ನೆಯಲ್ಲಿ ಬಿಳಗಿಯ ಟೇಲರ್ ಗೌರಕ್ಕ ಹೇಳಿದ ಅಳತೆಯೇ ಸರಿ. ಎರಡು ಸಲ ಓದಿ, ಟೇಪನ್ನು ಕೊರಳಿಗೆ ಹಾಕಿಕೊಂಡು, ಅವರು ಬಸ್ ನಿಲ್ದಾಣದ ಕಡೆ ನಡೆದರು.

ಒಳಪುಟದ ಮೂಲೆಯಲ್ಲಿ ಅದು ಅಚ್ಚಾಯಿತು. ಮುಖಪುಟದ ಸುದ್ದಿಗಳನ್ನೆಲ್ಲ ಕತ್ತರಿಸಿ ಸೇರಿಸಿಟ್ಟ ನನ್ನ ಕಡತದಲ್ಲಿ ಈಗ ಎಲ್ಲಕ್ಕಿಂತ ಮೇಲಿರುವುದು ಆ ತುಣುಕು. ಬಂದವರಿಗೆ ಹೆಮ್ಮೆಯಿಂದ ತೋರಿಸುವುದೂ ಅದನ್ನೇ. ಅದರಲ್ಲಿ ನನ್ನ ಹೆಸರಿಲ್ಲ. ಇರಬೇಕಾದವರದು ಇದೆ.