ಗಿರಿಜಾಳ ಕರಿ ಕೋಟು

ಸಂಡೂರಿನಲ್ಲಿ ಹೊಸಪೇಟೆಯ ಬಸ್ಸಿಗೆ ಕಾಯುತ್ತಾ ನಿಲ್ದಾಣದೆದುರಿನ ಹೊಲಿಗೆ ಅಂಗಡಿಯ ನೆರಳಲ್ಲಿ ನಿಂತಿದ್ದೆ. ಒಳಗೆ ಟೇಲರ್ ಶಾಂತಕ್ಕ ಮೊಬೈಲಿನಲ್ಲಿ ಒಲಿಂಪಿಕ್ಸಿನ ಕುದುರೆ ಸವಾರಿ ನೋಡುತ್ತಿದ್ದರು.

“ಬರ್ರಿ, ಕುಂದ್ರಿ. ನಾನೂ ನನ್ನ ತಂಗಿ ಗಿರಿಜಾನೂ ಒಂದು ಸಲಾನೂ ಇದನ್ನ ಬಿಟ್ಟಿಲ್ರಿ. ಯಾರು ಗೆದ್ರು ಅನ್ನೋದು ನಮಗ ಬ್ಯಾಡ. ಸವಾರರ ಕೋಟು ನೋಡಬೇಕು, ಭಾಳ ಚಂದ.”

ಹಾಗೆ ನೋಡಿ ನೋಡಿಯೇ ಗಿರಿಜಾ ತನ್ನ ಅಳತೆಗೆ ಅಂಥದೊಂದು ಕರಿ ಕೋಟು ಹೊಲಿದುಕೊಂಡಿದ್ದಳಂತೆ. ಗುಂಡಿ ಹಚ್ಚುವ ಮೊದಲೇ ಜ್ವರ ಬಂದು ತೀರಿಕೊಂಡಳು. ಗುಂಡಿಗಳನ್ನು ಆಮೇಲೆ ಶಾಂತಕ್ಕ ಹಚ್ಚಿದ್ದರು. ಅದಿರಿನ ಧೂಳಿನಿಂದ ಅಂಗಡಿಯ ಗೋಡೆ, ಮಷೀನು, ಕ್ಯಾಲೆಂಡರು ಎಲ್ಲವೂ ಕೆಂಪಾಗಿದ್ದವು. ಗೂಟದಲ್ಲಿದ್ದ ಆ ಕೋಟಿನ ಮೇಲೆ ಮಾತ್ರ ಒಂದು ಕಣವೂ ಕೂತಿರಲಿಲ್ಲ.

“ನೀವು ಆಕಿ ಎತ್ತರಾನ ಅದೀರಿ ಮೇಡಂ. ಒಮ್ಮೆ ಹಾಕ್ಕೊಂಡು ತೋರಸ್ರಿ.”

ಒಲ್ಲೆ ಎನ್ನಲು ಮನಸ್ಸಾಗಲಿಲ್ಲ. ಹಾಕಿಕೊಂಡೆ. ಯಾರೋ ಈಗಷ್ಟೇ ಕಳಚಿಟ್ಟಂತೆ ಕಾಲರಿನ ಒಳಗೆ ಬೆಚ್ಚಗಿತ್ತು. ಅಷ್ಟರಲ್ಲಿ ಮೊಬೈಲಿನಲ್ಲಿ ಕುದುರೆ ನಿಂತಿತು. ಸವಾರಳು ಬಲಗೈ ಕೆಳಗಿಳಿಸಿ, ತಲೆಬಾಗಿ ತೀರ್ಪುಗಾರರಿಗೆ ವಂದಿಸಿದಳು. ಗುಂಡಿ ಹಾಕುತ್ತಿದ್ದ ನನ್ನ ಬಲಗೈಯೂ ಕೆಳಗಿಳಿಯಿತು, ತಲೆ ಬಾಗಿತು. ನಾನಾಗಿ ಬಾಗಿಸಿರಲಿಲ್ಲ. ಮೇಲೆತ್ತಲು ನೋಡಿದೆ, ಆಗಲಿಲ್ಲ.

ಹೊರಗೆ ಹಾರ್ನ್ ಕೇಳಿಸಿತು. ಶಾಂತಕ್ಕ ನನ್ನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು.

“ಸಾಕು ಗಿರಿಜಾ, ಅವ್ರನ್ನ ಬಿಡು. ಅವ್ರ ಬಸ್ ಬಂತು.”