ನಡುಗುವ ಕೈಗೆ ಸಿಕ್ಕ ನೇರ ಗೆರೆ

೨೦೦೬ರಲ್ಲಿ ನಾನು ನರಗುಂದದ ಒಂದು ಸಣ್ಣ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಶಿಕ್ಷಕಿಯಾಗಿದ್ದೆ. ಕಲಿಯಲು ಬರುತ್ತಿದ್ದವರೆಲ್ಲ ನೌಕರಿ ಹುಡುಕುವ ತರುಣರು. ಅವರ ನಡುವೆ ಒಂದು ದಿನ ಐವತ್ತು ದಾಟಿದ ರಾಜೇಸಾಬ್ ಬಂದು ಕುಳಿತರು. ಊರಿನ ಎಷ್ಟೋ ಅಂಗಡಿಗಳ ಬೋರ್ಡು ಬರೆದ ಪೇಂಟರ್ ಅವರು. ಕಾಯಿಲೆಯೊಂದರ ನಂತರ ಬಲಗೈ ನಡುಗತೊಡಗಿ ಕೆಲಸ ನಿಂತಿತ್ತು.

"ಅಕ್ಕೋರ, ಈ ಮಷಿನ್ ತಾನ ಗೆರಿ ಹೊಡಿತೈತಂತ, ಖರೇನ್ರಿ?"

ಮೌಸ್ ಕೊಟ್ಟೆ. ಪರದೆಯ ಮೇಲೂ ಗೆರೆ ನಡುಗಿತು. ಅವರು ಎದ್ದೇಬಿಟ್ಟರು. ತಡೆದು ಕೂರಿಸಿ, ಮಕ್ಕಳಿಗೆಂದೇ ರೂಪಿಸಿದ ಲೋಗೋ ಎಂಬ ಪ್ರೋಗ್ರಾಮಿಂಗ್ ಭಾಷೆ ತೆರೆದೆ. ಅಲ್ಲಿ ಕೈಯಿಂದ ಬಿಡಿಸಬೇಕಿಲ್ಲ. ಇಷ್ಟು ಮುಂದೆ ಹೋಗು, ಇಷ್ಟು ತಿರುಗು ಎಂದು ಟೈಪ್ ಮಾಡಿದರೆ ಗೆರೆ ಮೂಡುತ್ತದೆ. ಬೋರ್ಡು ಬರೆದು ಇಂಗ್ಲಿಷ್ ಅಕ್ಷರ ಬಲ್ಲವರಾಗಿದ್ದ ಅವರು ಒಂದೊಂದೇ ಕೀಲಿ ಒತ್ತಿದರು. ನೇರವಾದ ಗೆರೆ! ವಾರ ಕಳೆಯುವುದರೊಳಗೆ ಒಂದು ಎಸಳು ಬರೆದು, ಅದನ್ನೇ ತಿರುಗಿಸಿ ಮತ್ತೆ ಮತ್ತೆ ಬರೆ ಎಂಬ ಆದೇಶ ಕೊಟ್ಟರು.

"ಎಲಾ ಇದರ! ಒಂದ ಎಸಳ ಹೇಳಿಕೊಟ್ರ ಪೂರಾ ಹೂವ ಬಿಡಿಸ್ತಲ್ರಿ!" ಅವರ ಕೂಗಿಗೆ ಇಡೀ ತರಗತಿ ಎದ್ದು ಬಂತು.

ಕಾಳಿನ ವ್ಯಾಪಾರಿ ವೀರಪ್ಪನವರು ಹೊಸ ಅಂಗಡಿಯ ಬೋರ್ಡನ್ನು ಬೇರೆಯವರಿಗೆ ಒಪ್ಪಿಸುವುದರಲ್ಲಿದ್ದರು. ರಾಜೇಸಾಬ್ ಹಟ ಹಿಡಿದು ಆ ಕೆಲಸ ಕೇಳಿ ಪಡೆದರು. ಅಕ್ಷರ, ಹೂವಿನ ಅಂಚು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಸಿದ್ಧಪಡಿಸಿ, ಹಾಳೆಗಳಲ್ಲಿ ಪ್ರಿಂಟ್ ತೆಗೆದು ಒಂದಕ್ಕೊಂದು ಅಂಟಿಸಿದೆವು. ಅವರ ಹೆಂಡತಿ ಖೈರೂನ್‌ಬಿ ಅಕ್ಷರ, ಹೂವು ಇದ್ದಲ್ಲೆಲ್ಲ ಕತ್ತರಿಸಿ ತೆಗೆದು ಅದನ್ನು ಅಚ್ಚು ಮಾಡಿದರು. ಅಚ್ಚಿನ ಮೇಲೆ ಸ್ಪಂಜಿನಿಂದ ಬಣ್ಣ ಒತ್ತಿದರೆ ಸಾಕು, ಕೈ ನಡುಗಿದರೂ ಚಿಂತೆಯಿಲ್ಲ.

ಉದ್ಘಾಟನೆಯ ಹಿಂದಿನ ದಿನ ಬಡಿಗೇರ ತಂದ ಹಲಗೆ ಹೇಳಿದ ಅಳತೆಗಿಂತ ಉದ್ದವಾಗಿತ್ತು. ಅಂಚು ಸಾಲಲಿಲ್ಲ. "ನಾ ಮೊದಲ ಹೇಳಿದ್ನಿ, ಇದು ನಿನ್ನ ಕೈಲೆ ಆಗೂದಿಲ್ಲಂತ," ಎಂದು ವೀರಪ್ಪನವರು ಮುಖ ತಿರುಗಿಸಿದರು. ರಾಜೇಸಾಬ್ ಮಾತ್ರ ಲಗುಬಗೆಯಿಂದ ನಮ್ಮ ಕೇಂದ್ರಕ್ಕೆ ಬಂದರು. ನಾನು ಕೀಬೋರ್ಡಿಗೆ ಕೈ ಹಾಕಲು ಹೋದಾಗ, "ಸ್ವಲ್ಪ ಸರೀರಿ ಅಕ್ಕೋರ, ನಾನ ಮಾಡ್ತೀನಿ," ಎಂದು ಪ್ರೋಗ್ರಾಮಿನಲ್ಲಿ ಎಷ್ಟು ಹೂವು ಬರಬೇಕೆಂಬ ಒಂದೇ ಒಂದು ಸಂಖ್ಯೆ ಬದಲಿಸಿದರು. ಅಂಚು ಉದ್ದವಾಯಿತು. ಸಂಜೆಯೊಳಗೆ ಬಣ್ಣವೂ ಆಯಿತು.

ಮರುದಿನ ಬೋರ್ಡನ್ನು ನೋಡುತ್ತ ನಿಂತ ವೀರಪ್ಪನವರು, "ನಿನ್ನ ಕೈ ಮತ್ತ ಮೊದಲಿನಂಗ ಆತಲ್ಲೋ ರಾಜೇಸಾಬ!" ಎಂದರು.

"ಇಲ್ರಿ ಸಾವ್ಕಾರ್ರ, ಕೈ ಹಂಗ ಐತಿ. ನಾನ ಹೊಸದು ಕಲಿತೇನ್ರಿ!"

ಆಮೇಲೆ ನನ್ನ ಪಾಠದ ರೀತಿಯೇ ಬದಲಾಯಿತು. ಹೊಸದಾಗಿ ಬಂದವರಿಗೆ ಕಂಪ್ಯೂಟರಿನ ಭಾಗಗಳ ಹೆಸರು ಬಾಯಿಪಾಠ ಮಾಡಿಸುವುದನ್ನು ಬಿಟ್ಟು, ನಿಮ್ಮ ಯಾವ ಕೆಲಸ ಅರ್ಧಕ್ಕೆ ನಿಂತಿದೆ ಎಂದು ಕೇಳತೊಡಗಿದೆ.