ಜೋಳದ ಕಾಳಿನಲ್ಲಿ ಹಾಕಿದ ಜರ್ಮನ್ ಊರು

ಸಂಕ್ರಾಂತಿ ಕಳೆದ ಎರಡನೆಯ ಭಾನುವಾರ, ಬೆಳಗ್ಗೆ ಎಂಟು ಗಂಟೆ. ಸ್ಥಳ, ತೆಲುಗು ನಾಡಿನ ಲಿಂಗಂಪಲ್ಲಿ ಹತ್ತಿರದ ನಮ್ಮ ಕಾರ್ಖಾನೆ ಕ್ವಾರ್ಟರ್ಸಿನ ಪಡಸಾಲೆ. ಹಾಜರಿದ್ದವರು ಮೂವರು: ಅಪ್ಪನ ತಾಯಿಯಾದ ನಮ್ಮ ಆಯಿ, ನನ್ನ ಅವ್ವ, ಹತ್ತು ವರ್ಷದ ನಾನು. ಅಪ್ಪ ಜರ್ಮನಿಯ ಒಂದು ಹಳ್ಳಿಯಲ್ಲಿದ್ದರು. ಅಲ್ಲಿಂದ ಬಂದ ಕಾಗದ ನನ್ನ ಕೈಯಲ್ಲಿತ್ತು.

ಆ ದಿನಗಳಲ್ಲಿ ನಮ್ಮ ಕಾಲೊನಿ ನಡೆಯುತ್ತಿದ್ದುದು ಕಾರ್ಖಾನೆಯ ಸೈರನ್ನಿನ ಮೇಲೆ. ಮೊದಲ ಸೈರನ್ನಿಗೆ ಹಾಸಿಗೆ ಮಡಿಸುವುದು, ಎರಡನೆಯದಕ್ಕೆ ಸ್ನಾನ, ಮೂರನೆಯದಕ್ಕೆ ಅಪ್ಪ ಸೈಕಲ್ ಹತ್ತುವುದು. ಭಾನುವಾರ ಸೈರನ್ ಇರುತ್ತಿರಲಿಲ್ಲ, ಆದರೆ ಅಪ್ಪನ ನಿಯಮ ಇತ್ತು: ಎಂಟು ಗಂಟೆಗೆ ನಾನು ಒಂದು ಪುಟ ಕನ್ನಡ ಗಟ್ಟಿಯಾಗಿ ಓದಬೇಕು. ಶಾಲೆಯಲ್ಲಿ ತೆಲುಗು, ಹಿಂದಿ, ಇಂಗ್ಲಿಷ್ ಮಾತ್ರ. ಕನ್ನಡ ಮನೆಯಲ್ಲೇ ಉಳಿಯಬೇಕಿತ್ತು. ಹೊಸ ಯಂತ್ರದ ತರಬೇತಿಗೆಂದು ಕಾರ್ಖಾನೆಯವರು ಅಪ್ಪನನ್ನು ದಸರೆಯ ನಂತರ ಆರು ತಿಂಗಳು ಜರ್ಮನಿಗೆ ಕಳಿಸಿದಾಗಲೂ ಆ ನಿಯಮ ಬದಲಾಗಲಿಲ್ಲ. "ಕಾಗದ ಕೂಸೇ ಓದಬೇಕು, ಅವ್ವ ಓದಬಾರದು" ಎಂದು ಹೇಳಿಯೇ ಹೋಗಿದ್ದರು. ಆಯಿಗೆ ಓದು ಬರುತ್ತಿರಲಿಲ್ಲ.

ಅಪ್ಪ ಹೋದ ದಿನದ್ದನ್ನು ಮೊದಲು ಹೇಳಬೇಕು. ಆಯಿಯ ಊರು ಬೀದರ್ ಕಡೆಯದು. ಅಲ್ಲಿ ಊರಿಗೆ ಕಲ್ಲಿನ ಅಗಸಿ, ಅಂದರೆ ಊರಬಾಗಿಲು. ಅದರ ಪಕ್ಕ ಹನುಮಪ್ಪ. ಹೊರಗೆ ಹೊರಟವನು ಅಗಸಿಯಲ್ಲಿ ಒಂದು ಗಳಿಗೆ ನಿಲ್ಲಬೇಕು, ಬಂದವನೂ ನಿಲ್ಲಬೇಕು. ಕಾಲೊನಿಯಲ್ಲಿ ಅಗಸಿ ಎಲ್ಲಿಂದ ಬರಬೇಕು? ಆಯಿ ಮುಖ್ಯ ಗೇಟಿನ ಸಿಮೆಂಟ್ ಕಂಬಕ್ಕೆ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದಳು. ಕಾವಲುಗಾರ ಯಾದಗಿರಿ ಲಾಠಿ ಹಿಡಿದು, ಏನು ಮಾಡುತ್ತಿದ್ದೀ ಎಂದು ತೆಲುಗಿನಲ್ಲಿ ಗದರುತ್ತ ಓಡಿಬಂದ.

"ಏಂ ಚೇಸ್ತುನ್ನವ್ ಅವ್ವಾ! ಇದಿ ಸರ್ಕಾರು ಗೇಟು!"

"ಸರಕಾರದ್ದಾದ್ರ ಏನಾತು? ಸರಕಾರದ ಮಂದಿನೂ ಇದ್ರಾಗ ಹಾದೇ ಹೋಗತಾರಲ್ಲ" ಎಂದು ಆಯಿ ಅವನ ಕೈಗೇ ಅರ್ಧ ಕಾಯಿ ಕೊಟ್ಟಳು. ಅವನು ಅತ್ತಿತ್ತ ನೋಡಿ ಅದನ್ನು ಟೋಪಿಯೊಳಗೆ ಮುಚ್ಚಿಟ್ಟ.

ಅಪ್ಪನ ಜೀಪು ಹೋಯಿತು. ಆಯಿ ಕಂಬದ ಮೇಲಿಂದ ಕೈ ತೆಗೆಯಲಿಲ್ಲ. "ಇಲ್ಲಿ ಕಳಿಸೂದು ಕಳಿಸಿದೆ. ಅಲ್ಲಿ ಕರಕೊಳ್ಳೂ ಅಗಸಿ ಯಾವುದು? ಅದು ಗೊತ್ತಾಗೂತನಕ ನನಗ ಸಂಜಿ ಊಟ ಬ್ಯಾಡ" ಎಂದಳು.

ಅವ್ವ ಅದನ್ನು ಒಂದು ವಾರದ ಮಾತು ಎಂದುಕೊಂಡಳು. ಆಯಿಗೆ ಅದು ಹಾಗಿರಲಿಲ್ಲ. ಸಂಜೆ ಏಳೂವರೆಗೆ ಅವ್ವ ರೊಟ್ಟಿ ಬಡಿಯುವಾಗ ಆಯಿ ಗೋಡೆಗೆ ಒರಗಿ ಜಪ ಮಾಡುತ್ತಿದ್ದಳು. ಪುಂಡಿಪಲ್ಯದ ಹುಳಿವಾಸನೆ, ಶೇಂಗಾ ಹಿಂಡಿಯ ಖಾರ, ಬಿಸಿ ಜೋಳದ ರೊಟ್ಟಿಯ ಆವಿ ಎಲ್ಲವೂ ಆಕೆಯ ಮುಂದೆಯೇ ಹಾದುಹೋಗುತ್ತಿದ್ದವು. "ಹಸಿವಿಲ್ಲ" ಎನ್ನುತ್ತಿದ್ದಳು. ಕಾರ್ತೀಕದ ಹೊತ್ತಿಗೆ ಕೈಬಳೆ ಮೊಣಕೈತನಕ ಜಾರತೊಡಗಿದವು.

ಕಾಗದಗಳು ಬರುತ್ತಿದ್ದವು, ಒಂದೊಂದಕ್ಕೆ ಎರಡು ಮೂರು ವಾರ. ಅಪ್ಪ ಪಕ್ಕದ ಪಟ್ಟಣದ ಕಾರ್ಖಾನೆಗೆ ಬಸ್ಸಿನಲ್ಲಿ ಹೋಗಿಬಂದು, ಹಳ್ಳಿಯಲ್ಲಿ ಒಬ್ಬ ವಿಧವೆ ಮುದುಕಿಯ ಮನೆಯಲ್ಲಿ ಇರುತ್ತಿದ್ದರು. ಊರಿನ ಹೆಸರು ಉದ್ದ. ಆಯಿಯ ನಾಲಿಗೆಯ ಮೇಲೆ ನಿಲ್ಲಲಿಲ್ಲ. ಆಕೆ ಅದನ್ನು ಶರಣನ ಊರು ಎಂದಳು. ಶರಣಪ್ಪ ಅಪ್ಪನ ಹೆಸರು.

ನಾನು ಓದಿದಂತೆ ಆಯಿ ನೆಲದ ಮೇಲೆ ರಂಗೋಲಿಯಂತೆ ಆ ಊರು ಹಾಕುತ್ತಿದ್ದಳು. ಬೇಗಂ ಬಜಾರಿನಿಂದ ತಂದ ಜೋಳದ ಡಬ್ಬಿ ಪಕ್ಕಕ್ಕೆ, ಮನೆಗಳಿಗೆ ನನ್ನ ಚೌಕಾಬಾರ ಆಟದ ಹುಣಸೆಬೀಜ.

"ಮೊದಲು ನೀರು ಹೇಳು. ಹಳ್ಳ ಯಾವ ಕಡಿಂದ ಬರತೈತಿ?"

"ಪಶ್ಚಿಮದ ಗುಡ್ಡದಿಂದ, ಆಯಿ. ಊರಿನ ನಡುವೆ ಹಾಯ್ದು ಪೂರ್ವಕ್ಕೆ ಹೋಗತೈತಿ."

ಆಕೆಯ ಬೆರಳಸಂದಿಯಿಂದ ಜೋಳ ಸುರಿದು ಗಾರೆಯ ನೆಲದ ಮೇಲೆ ಹಳ್ಳ ಹರಿಯಿತು. ಹಳ್ಳದ ಎರಡೂ ದಡಕ್ಕೆ ಅರವತ್ತು ಮನೆ. ಉತ್ತರದ ದಿನ್ನೆಯ ಮೇಲೆ ಕಾಡು, ಅದಕ್ಕೆ ಕರಿಬೇವಿನ ಕಡ್ಡಿ. ತೆಂಕಣ ಇಳಿಜಾರಿನಲ್ಲಿ ಆಲೂಗಡ್ಡೆ ಹೊಲ. ಹಳ್ಳದ ತಿರುವಿನಲ್ಲಿ ಹಿಂದೆ ಹಿಟ್ಟಿನ ಗಿರಣಿ ಇತ್ತಂತೆ, ಈಗ ಅದರ ಚಕ್ರ ತಿರುಗುವುದಿಲ್ಲ. ನಡುವೆ ಕಲ್ಲಿನ ಚರ್ಚು. ಅದಕ್ಕೆ ಹಿತ್ತಾಳೆ ಲೋಟ ಬೋರಲು. ಚರ್ಚಿನ ಅಂಗಳದ ಕಲ್ಲಿನ ಮೇಲೆ ಯುದ್ಧದಲ್ಲಿ ಸತ್ತವರ ಹೆಸರು ಕೆತ್ತಿದ್ದಾರೆ, ಮನೆಯ ಮುದುಕಿಯ ಮಗನ ಹೆಸರೂ ಅದರಲ್ಲಿದೆ ಎಂದು ಅಪ್ಪ ಬರೆದಿದ್ದರು. ಆ ಸಾಲು ಓದಿದ ದಿನ ಆಯಿ ಆ ಮುದುಕಿಯ ಮನೆಯ ಹುಣಸೆಬೀಜವನ್ನು ಸೀರೆಯ ಸೆರಗಿನಿಂದ ಒರೆಸಿ ಇಟ್ಟಳು.

"ಕೇಳಿ ಬರಿ ಅವಗ, ಅಗಸಿ ಎಲ್ಲೈತಿ ಅಂತ" ಎಂದಳು. ಬರೆದೆ. ಉತ್ತರಕ್ಕೆ ಕಾದೆವು. ನಾನೂ ಸಂಜೆ ಅರ್ಧ ರೊಟ್ಟಿಗೇ ಏಳತೊಡಗಿದ್ದೆ. ಉಣ್ಣದೆ ಕೂತವರ ಎದುರು ಪೂರ್ತಿ ರೊಟ್ಟಿ ಇಳಿಯುತ್ತಿರಲಿಲ್ಲ.

ಆ ಭಾನುವಾರ ಬಂದದ್ದು ಅದರ ಉತ್ತರ. ಅಪ್ಪನ ಅಕ್ಷರ ಇರುವೆ ಸಾಲಿನಂತೆ ಒತ್ತೊತ್ತು. ನಾನು ಎಂದಿನಂತೆ ತಡವರಿಸುತ್ತ, ಹಿಮದ ಸಾಲು, ಬಸ್ಸು ನಿಂತ ಸಾಲು ದಾಟಿ ಬಂದೆ. ಮುಂದೆ ಹೀಗಿತ್ತು: "ಆಯಿಗೆ ಹೇಳು. ಇಲ್ಲಿ ಅಗಸಿ ಇಲ್ಲ. ದಾರಿ ನೇರ ಊರೊಳಗೇ ಬರುತ್ತದೆ."

ಆಯಿ ಎರಡು ಹುಣಸೆಬೀಜ ಬೆರಳಲ್ಲಿ ಹಿಡಿದು ಕಾಯುತ್ತಿದ್ದಳು. ನಾನು ಕಾಗದದಿಂದ ಕಣ್ಣು ತೆಗೆಯದೆ ಓದಿದೆ:

"ಇಲ್ಲಿ ಅಗಸಿ ಇದೆ. ಕಲ್ಲಿನದು, ಭಾಳ ಹಳೆಯದು. ಗಿರಣಿಯ ಹತ್ತಿರ, ಹಳ್ಳ ತಿರುಗುವಲ್ಲಿ ಇದೆ. ಎರಡೂ ಕಡೆ ಕೂಡಲಿಕ್ಕೆ ಕಟ್ಟೆ ಇದೆ. ನಾನು ದಿನಾಲೂ ಅಲ್ಲಿ ನಿಂತು ಒಳಗೆ ಹೋಗುತ್ತೇನೆ."

ಆಯಿ ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ಎರಡೂ ಬೀಜಗಳನ್ನು ಹಳ್ಳದ ತಿರುವಿನಲ್ಲಿ ಇಟ್ಟಳು. ಆ ಸಂಜೆ ಒಂದೂವರೆ ರೊಟ್ಟಿ ಉಂಡಳು. ನಾನು ಎರಡು ಉಂಡೆ.

ಮರುದಿನ ಅವ್ವ ಕಾಗದವನ್ನು ತಾನೂ ಓದಿ, ಮಡಿಸಿ ತನ್ನ ಟ್ರಂಕಿನ ತಳಕ್ಕೆ ಹಾಕಿದಳು. "ಓದೂದು ಕಲಸಂತ ಹೇಳಿ ಹೋದ್ರ ನಿಮ್ಮಪ್ಪ, ನೀ ಬರಿಯೂದೂ ಕಲತುಬಿಟ್ಟಿ" ಎಂದಳು, ಅಷ್ಟೇ. ಅಪ್ಪನಿಗೆ ತಿಳಿಸೋಣವೆಂದರೆ, ನಾನು ಕಾಗದ ಬರೆಯುವಾಗ ಆಯಿ ಪಕ್ಕದಲ್ಲೇ ಕೂತು, ಬರೆದದ್ದನ್ನೆಲ್ಲ ತಿರುಗಿ ಓದಿಸುತ್ತಿದ್ದಳು. ಅಂದಿನಿಂದ ಅಪ್ಪ ಬರುವ ದಿನವನ್ನು ನಾನು ಆಸೆಯಿಂದಲೂ ಎಣಿಸಿದೆ, ಹೆದರಿಕೆಯಿಂದಲೂ ಎಣಿಸಿದೆ. ಅಪ್ಪ ಬಂದರೆ ಆಯಿ ಅಗಸಿ ಕೇಳುತ್ತಾಳೆ. ಅಪ್ಪ ಸುಳ್ಳು ಹೇಳುವವರಲ್ಲ. ಆಮೇಲೆ ಆಯಿ ನಾನು ಓದಿದ ಯಾವ ಸಾಲನ್ನೂ ನಂಬುವುದಿಲ್ಲ.

ಯುಗಾದಿಯ ಮರುವಾರ, ಬೆಳಗ್ಗೆ ಹತ್ತೂಕಾಲಿಗೆ ಅಪ್ಪ ಬಂದರು. ಯಾದಗಿರಿ ಈ ಸಲ ತಾನೇ ಗೇಟಿನ ಕಂಬ ಒರೆಸಿ ನಿಂತಿದ್ದ. "ಕೊಬ್ಬರಿಕಾಯ ತೆಚ್ಚಿನವಾ ಅವ್ವಾ?" ಎಂದು ಕೇಳಿದ. ಕಾಯಿ ಒಡೆಯಿತು, ಅವನ ಪಾಲು ಟೋಪಿಗೆ ಹೋಯಿತು. ಅಪ್ಪ ಒಂದು ಗಳಿಗೆ ನಿಂತು ಒಳಗೆ ಬಂದರು. ಅವರ ಕೋಟಿಗೆ ನಮಗೆ ಗೊತ್ತಿಲ್ಲದ ಸೋಪಿನ ವಾಸನೆ ಇತ್ತು. ನಾನು ಅಪ್ಪನ ಕಿವಿಯಲ್ಲಿ ಒಂದು ಮಾತು ಹೇಳಲು ಎರಡು ಸಲ ಹೋದೆ. ಎರಡು ಸಲವೂ ಆಯಿ ಅವರ ಕೈ ಹಿಡಿದಿದ್ದಳು.

ಅಪ್ಪ ಚೀಲದಿಂದ ಕಪ್ಪು ರೊಟ್ಟಿಯ ತುಂಡೊಂದನ್ನು ತೆಗೆದು ಆಯಿಗೆ ಕೊಟ್ಟರು. ಆಯಿ ಅಂಚನ್ನು ಕಡಿದು ನೋಡಿ, "ಹಳಸೇತಲ್ಲೋ ಇದು! ಆರು ತಿಂಗಳು ಇದನ್ನ ಹಾಕಿದಳೇನು ಆ ಮುದುಕಿ ನಿನಗ?" ಎಂದಳು.

"ಹುಳಿ ರೊಟ್ಟಿ ಅವ್ವಾ, ಅದು ಇರೂದೇ ಹಂಗ. ಆಕಿ ತಾನೂ ಅದನ್ನೇ ತಿಂತಾಳ."

"ಆಕಿಗ್ಯಾರು ಬಿಸಿರೊಟ್ಟಿ ಬಡೀಬೇಕು, ಪಾಪ" ಎಂದು ಆಯಿ ಉಳಿದ ಚೂರನ್ನೂ ತಿಂದು ಮುಗಿಸಿದಳು. ಆಮೇಲೆ ಜೋಳದ ಡಬ್ಬಿಯನ್ನು ಅಪ್ಪನ ಮುಂದೆ ಸರಿಸಿದಳು. "ಹಾಕು ನಿನ್ನ ಊರು. ಕೂಸು ಓದಿದ್ದು, ನಾ ಹಾಕಿದ್ದು ಸರಿ ಐತೋ ಇಲ್ಲೋ ನೋಡತೀನಿ."

ಅಪ್ಪ ಹಾಕಿದರು. ಹಳ್ಳ, ಮನೆ, ಕಾಡು, ಹೊಲ, ಲೋಟ. ಎಲ್ಲವೂ ಆಯಿ ಹಾಕುತ್ತಿದ್ದ ಜಾಗದಲ್ಲೇ ಬಂದವು. ಹಳ್ಳದ ತಿರುವು ಬಂತು. ಅಪ್ಪನ ಕೈ ಅದನ್ನು ದಾಟಿ ಮುಂದೆ ಹೋಯಿತು. ಅವ್ವ ಒಲೆಯ ಕಡೆ ತಿರುಗಿದಳು.

ಅಪ್ಪನನ್ನು ಯಾರೂ ಕೇಳುವ ಮೊದಲೇ ನಾನು ಹೇಳಿಬಿಟ್ಟೆ: "ಆಯಿ, ಅಗಸಿ ಇಲ್ಲ ಅಲ್ಲಿ. ಅಪ್ಪ ಹಂಗ ಬರೆದಿರಲಿಲ್ಲ. ಅದು ನಾ ಹಾಕಿದ್ದು."

ಆಯಿ ಬೆಚ್ಚಲಿಲ್ಲ. "ಗೊತ್ತೈತಿ" ಎಂದಳು.

"ಹೆಂಗ?"

"ನಿಮ್ಮಪ್ಪನ ಅಕ್ಷರಕ್ಕ ನೀ ಸಾಲಿಗೆ ನಾಕು ಸಲ ಮುಗ್ಗರಸ್ತಿ. ಅಗಸಿ ಬಂದಾಗ ಒಂದ ಸಲಾನೂ ಮುಗ್ಗರಸಲಿಲ್ಲ. ನೀರು ಹರದಂಗ ಓದಿದಿ."

"ಮತ್ತ ಅವತ್ತು ಯಾಕ ಉಂಡಿ?"

"ನೀ ಅರ್ಧ ರೊಟ್ಟಿಗೆ ಏಳತಿದ್ದಿ. ನಿಮ್ಮಪ್ಪ ಬಂದು, ನನ್ನ ಕೂಸು ಯಾಕ ಸೊರಗೇತಿ ಅಂದ್ರ ನಾ ಏನ ಹೇಳ್ಲಿ?"

ನಾನು ಅತ್ತೆನೋ ಇಲ್ಲವೋ ಬರೆಯುವುದಿಲ್ಲ. ಅಪ್ಪ ಮಾತ್ರ ನಮ್ಮಿಬ್ಬರನ್ನೂ ಬಿಟ್ಟು ನೆಲವನ್ನೇ ನೋಡುತ್ತಿದ್ದರು. "ಎಲ್ಲಿ ಹಾಕಿದ್ದಿ ಅಗಸಿ?" ಎಂದು ಕೇಳಿದರು. ಹಳ್ಳದ ತಿರುವನ್ನು ತೋರಿಸಿದೆ.

"ನಾ ಆ ಕಾಗದ ಬರದ ಮ್ಯಾಲೆ ಮುದುಕಿನ್ನ ಕೇಳಿದೆ, ಅವ್ವಾ" ಎಂದು ಅಪ್ಪ ಆಯಿಗೆ ಹೇಳಿದರು. "ನಮ್ಮವ್ವ ಹಿಂಗ ಕೇಳತಾಳ ಅಂದೆ. ಆಕಿ ಕೋಲು ಹಿಡಕೊಂಡು ಹಿಮದಾಗ ನನ್ನ ಕರಕೊಂಡು ಹೋದಳು. ಮುನ್ನೂರು ವರ್ಷದ ಹಿಂದ ಅಲ್ಲಿ ದೊಡ್ಡ ಯುದ್ಧ ಆಗಿತ್ತಂತ. ದಂಡು ಬಂದು ಊರಿಗೂರೇ ಸುಟ್ಟಿತಂತ. ಕಾಡಿನಾಗ ಅಡಗಿದ್ದ ನಾಕಾರು ಮನಿಯವರು ತಿರುಗಿ ಬಂದು, ಊರಗೋಡಿ ಕಲ್ಲು ಒಯ್ದು ಚರ್ಚು ಕಟ್ಟಿದರಂತ. ಅಗಸಿದು ಎರಡು ಕಲ್ಲು ಅಷ್ಟೇ ಹುಲ್ಲಿನಾಗ ಉಳದಾವ. ಆದ್ರ ಊರಾಗ ಯಾರ ಹೆಣ ಹೋದ್ರೂ, ಯಾರ ಮದಿವಿ ಗಾಡಿ ಬಂದ್ರೂ ಅಲ್ಲಿ ಒಂದು ಗಳಿಗಿ ನಿಲ್ಲತಾರ. ಇದನ್ನ ಹೊರಡೂ ವಾರದಾಗ ಬರದು ಹಾಕಿದ್ದೆ. ಬಂದಿಲ್ಲೇನು ಕಾಗದ?"

ಬಂದಿರಲಿಲ್ಲ. ಒಂಬತ್ತು ದಿನ ಕಳೆದು ಬಂತು.

"ಆ ಕಲ್ಲು ಎಲ್ಲಿ ಅದಾವ?" ಎಂದಳು ಆಯಿ.

ಅಪ್ಪ ಬೆರಳಿಟ್ಟದ್ದು ನಾನು ತೋರಿಸಿದ ತಿರುವಿನಲ್ಲಲ್ಲ. ಊರಿನ ಆ ತುದಿಯಲ್ಲಿ, ಕಾಡಿನ ದಾರಿ ಇಳಿಯುವಲ್ಲಿ. ಆಯಿ ಎರಡು ಹುಣಸೆಬೀಜ ತೆಗೆದು ನನ್ನ ಅಂಗೈಯಲ್ಲಿ ಹಾಕಿದಳು. "ಈಗ ಇಡು. ಈಗ ಖರೇದ ಜಾಗಾ ಸಿಕ್ತು."

ಇಟ್ಟೆ.

"ಆ ಮುದುಕಿ ತನ್ನ ಮಗನ್ನೂ ಅಲ್ಲೇ ನಿಂದ್ರಿಸಿ ದಂಡಿಗೆ ಕಳಿಸಿದ್ದಳೇನು?" ಎಂದು ಆಯಿ ಮೆಲ್ಲಗೆ ಕೇಳಿದಳು. ಅಪ್ಪ ಹೌದೆಂದು ತಲೆ ಆಡಿಸಿದರು.

ಈಗ ಆ ಕ್ವಾರ್ಟರ್ಸ್ ಇಲ್ಲ. ಗೇಟು ಇದ್ದಲ್ಲಿ ಅಗಲ ರಸ್ತೆ, ಅದರ ಮೇಲೆ ಸೇತುವೆ. ಕಂಬ ಎಲ್ಲಿತ್ತೆಂದು ನಾನು ಹೆಜ್ಜೆ ಅಳೆದು ನೋಡಿದ್ದೇನೆ, ಗೊತ್ತಾಗಲಿಲ್ಲ. ಹೋದ ತಿಂಗಳು ಮೊಮ್ಮಗಳು ಮೊಬೈಲಿನಲ್ಲಿ ಆ ಜರ್ಮನ್ ಊರನ್ನು ಅರ್ಧ ನಿಮಿಷದಲ್ಲಿ ತೆಗೆದು ತೋರಿಸಿದಳು. ಆಕಾಶದಿಂದ ತೆಗೆದ ಚಿತ್ರ. ಹಳ್ಳ, ಚರ್ಚು, ಕಾಡು, ಒಂದೂ ತಪ್ಪಿಲ್ಲ. ಎರಡು ಕಲ್ಲು ಮಾತ್ರ ಕಾಣಲಿಲ್ಲ. "ಏನು ಹುಡುಕಾಕತ್ತೀರಿ ಅಜ್ಜಿ?" ಎಂದಳು. ಹೇಳಿದೆ. ಅವಳು ಆಸಕ್ತಿಯಿಂದಲೇ ಕೇಳಿದಳು, ಆಮೇಲೆ ಚಿತ್ರ ತಾನಾಗಿ ಆರಿತು. ನಮ್ಮ ಮನೆಯಿಂದ ಎಷ್ಟೋ ಜನ ಎಷ್ಟೋ ಊರಿಗೆ ಹೋಗಿದ್ದಾರೆ. ಹೋದವರ ವಿಳಾಸ ನಮ್ಮಲ್ಲಿ ಸರಿಯಾಗಿ ಇರುತ್ತದೆ. ಅಲ್ಲಿ ನೀರು ಯಾವ ಕಡೆಯಿಂದ ಬರುತ್ತದೆ, ಒಳಗೆ ಕರೆದುಕೊಳ್ಳುವವರು ಯಾರು ಎಂದು ಉಪವಾಸ ಕೂತು ಕೇಳುವವರು ಆಯಿಯ ನಂತರ ಯಾರೂ ಬರಲಿಲ್ಲ. ನಾನೂ ಕೇಳಲಿಲ್ಲ.

ಅಪ್ಪ ಬಂದ ಆ ದಿನದ ಉಳಿದ ಕೆಲಸ ಹೀಗೆ. ಸಂಜೆ ಆರಕ್ಕೆ, ಬಿಸಿಲಿಗೆ ಹಾಕಿದ್ದ ಅಪ್ಪನ ಕೋಟನ್ನು ಬಿಸಿಲು ಹೋಗುವ ಮುನ್ನ ಒಳಗೆ ತಂದೆ. ಏಳೂವರೆಗೆ ಎಲ್ಲರೂ ಉಂಡೆವು. ಆಯಿ ಎರಡು ರೊಟ್ಟಿ ಉಂಡು, ಮೂರನೆಯದನ್ನು ಬೇಡವೆನ್ನುತ್ತಲೇ ಮುರಿದಳು. ಎಂಟಕ್ಕೆ ಲೋಟ ಎತ್ತಿ, ಕರಿಬೇವಿನ ಕಡ್ಡಿ ಬಿಸಾಡಿ, ಮನೆಗಳ ಬೀಜ ಆರಿಸಿ, ಹಳ್ಳವನ್ನು ಕೈಯಿಂದ ಕೂಡಿಸಿ, ಜೋಳವನ್ನು ಜರಡಿ ಹಿಡಿದು ಡಬ್ಬಿಗೆ ತುಂಬಿದೆ. ಕೊನೆಗೆ ಆ ಎರಡು ಹುಣಸೆಬೀಜ ಉಳಿದವು. ಅವನ್ನು ಒರೆಸಿ, ಚೌಕಾಬಾರದ ಚೀಲಕ್ಕೆ ಹಾಕದೆ, ಬೇರೆ ಚಿಂದಿಯಲ್ಲಿ ಕಟ್ಟಿ ಆಯಿಯ ದಿಂಬಿನ ಕೆಳಗೆ ಇಟ್ಟೆ.